ಸಿಕ್ಕಿಸಬಾರದಿದ್ದ ತುದಿ

ಪೇಟ ಕಟ್ಟುವ ಮಹದೇವು ನಮ್ಮ ಮನೆಗೆ ವರ್ಷಕ್ಕೊಂದು ಸಲ ಬರುತ್ತಿದ್ದ, ನವರಾತ್ರಿಯಲ್ಲಿ. ಅವನು ಬಂದಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿರಲಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ವರ್ಷ ಅಡಿಗೆಮನೆಯಲ್ಲಿ ಒಂದು ತಟ್ಟೆ ಬೀಳಿಸಿದ್ದಕ್ಕೆ ಅತ್ತೆ ಓಡಿಬಂದು, "ಪೇಟ ಕಟ್ತಾ ಇದಾನೆ ಕಣಮ್ಮ" ಎಂದು ಪಿಸುಗುಟ್ಟಿದ್ದರು. ಹೆರಿಗೆ ನಡೆಯುವ ಮನೆಯಲ್ಲೂ ಅಷ್ಟು ಗಾಂಭೀರ್ಯ ನಾನು ನೋಡಿರಲಿಲ್ಲ. ನನಗೆ ನಗು ಬಂತು. ನಕ್ಕದ್ದಕ್ಕೆ ಇನ್ನೊಂದು ಸಲ ಬೈಸಿಕೊಂಡೆ.

ನನ್ನ ಮಾವ ಶಿವಮಲ್ಲಪ್ಪನವರು ಅಮಲ್ದಾರರಾಗಿ ನಿವೃತ್ತರಾಗಿ ಜಯಲಕ್ಷ್ಮಿಪುರಂನಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ದಸರೆಯಲ್ಲಿ ಅರಮನೆಯ ದರ್ಬಾರಿಗೆ ಅವರಿಗೆ ತಪ್ಪದೆ ಕರೆ ಬರುತ್ತಿತ್ತು. ಕಪ್ಪು ಕೋಟು, ಬಿಳಿ ಷರಾಯಿ ಎಲ್ಲ ತಾವೇ ಹಾಕಿಕೊಳ್ಳುತ್ತಿದ್ದರು. ಜರಿಪೇಟ ಮಾತ್ರ ಮಹದೇವುವೇ ಕಟ್ಟಬೇಕು. ಬೇರೆಯವರು ಕಟ್ಟಿದರೆ ತಲೆನೋವು ಬರುತ್ತದೆ ಎನ್ನುತ್ತಿದ್ದರು. ಅಮಲ್ದಾರರ ತಲೆನೋವಿಗೆ ಯಾರು ಎದುರಾಡುತ್ತಾರೆ?

ಮಹದೇವು ನಂಜನಗೂಡಿನ ಕಡೆಯ ಒಕ್ಕಲು ಮನೆಯವನು. ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು ಸುಣ್ಣದಕೇರಿಯಲ್ಲಿ ಸೋದರಮಾವ ಕೆಂಪಯ್ಯನ ಮನೆಯಲ್ಲಿ ಬೆಳೆದು, ಅವನಿಂದಲೇ ಪೇಟ ಕಟ್ಟುವುದನ್ನು ಕಲಿತಿದ್ದ. ಉಳಿದ ದಿನಗಳಲ್ಲಿ ಸಂತೇಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸ. ಅಲ್ಲಿ ಅವನು ಯಾರೋ ಒಬ್ಬ. ದಸರೆ ಬಂತೆಂದರೆ ಬೇರೆಯೇ ಮನುಷ್ಯ. ಆಳು ಕುಳ್ಳ. ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಹಿಂದೆ ಮಣೆಯ ಮೇಲೆ ನಿಂತು, ತುಟಿ ಬಿಗಿದುಕೊಂಡು ಸುತ್ತು ಹಾಕುತ್ತಿದ್ದ. ಕಡೆಯಲ್ಲಿ ಪೇಟದ ತುದಿಯನ್ನು ಹಿಂದೆ, ಕತ್ತಿನ ಮೇಲಿನ ಮಡಿಕೆಯೊಳಗೆ, ಬಲಗೈಯ ನಡುಬೆರಳಿನಿಂದ ತಳ್ಳಿ ಸಿಕ್ಕಿಸಬೇಕು. ಇಡೀ ಪೇಟ ನಿಲ್ಲುವುದು ಆ ಸಿಕ್ಕಿನ ಮೇಲೆ.

ಅವನ ಬೆರಳು ಇನ್ನೂ ಮಡಿಕೆಯೊಳಗೆ ಇರುವಾಗಲೇ ಮಾವನವರು ತಲೆಯನ್ನು ಮೆಲ್ಲಗೆ ಹಿಂದಕ್ಕೆ ಒರಗಿಸಿ, ಅವನ ಕೈಮೇಲೆ ಭಾರ ಬಿಟ್ಟು, ಬಿಗಿ ಸರಿಯಾಗಿದೆಯೇ ಎಂದು ನೋಡುತ್ತಿದ್ದರು. ಆಮೇಲೆ, "ಹ್ಞೂಂ, ಬುಡು" ಎನ್ನುತ್ತಿದ್ದರು. ಕಚೇರಿಯಲ್ಲಿ ಅಚ್ಚುಕಟ್ಟಾದ ಕನ್ನಡ ಆಡುತ್ತಿದ್ದ ಮನುಷ್ಯ ಮಹದೇವುವಿನ ಜೊತೆ ಮಾತ್ರ ಹಾಗೆ ಮಾತಾಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅವನು ಬೆರಳು ತೆಗೆಯುತ್ತಿದ್ದುದು.

ಐವತ್ತೆರಡರ ಆಷಾಢದ ಕಡೆಯಲ್ಲಿ ಮಾವನವರು ಹೋಗಿಬಿಟ್ಟರು. ಬೆಳಗಿನ ಕಾಫಿ ಕುಡಿದು ಪತ್ರಿಕೆ ಮಡಿಸಿಟ್ಟವರು ಕುರ್ಚಿಯಿಂದ ಏಳಲೇ ಇಲ್ಲ. ನಮ್ಮಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಗಂಡಸಾದರೆ ತಲೆಗೆ ಪೇಟ ಸುತ್ತಿ, ಕೂತ ಹಾಗೆಯೇ ರುದ್ರಭೂಮಿಗೆ ಕರೆದುಕೊಂಡು ಹೋಗುತ್ತೇವೆ. ಸಾಮಾನ್ಯವಾಗಿ ಮನೆಯವರೇ ಯಾರಾದರೂ ಒಂದು ರುಮಾಲು ಸುತ್ತಿಬಿಡುತ್ತಾರೆ. ನನ್ನ ಅತ್ತೆ ವಸಂತಮ್ಮನವರು ಮಾತ್ರ ಅಳುವುದನ್ನು ನಿಲ್ಲಿಸಿ, "ಮಹದೇವುನ ಕರೆಸಿ" ಎಂದರು.

ಅವನು ಬಂದ. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದ. ತಲೆ ವಾಲದ ಹಾಗೆ ಹಣೆಗೆ ಬಟ್ಟೆ ಕಟ್ಟಿ ಕಿಟಕಿಯ ಸರಳಿಗೆ ಬಿಗಿದಿದ್ದರು. ಪೇಟ ಕಟ್ಟಬೇಕಾದರೆ ಆ ಬಟ್ಟೆ ಬಿಚ್ಚಲೇಬೇಕು. ನಮ್ಮನೆಯವರು, ಎಂದರೆ ಮಾವನವರ ಒಬ್ಬನೇ ಮಗ ನಂಜುಂಡಸ್ವಾಮಿ, ತಂದೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತರು. ಮಹದೇವು ಗೋಡೆಗೂ ಮಾವನವರ ಬೆನ್ನಿಗೂ ನಡುವೆ ನುಸುಳಿಕೊಂಡು ಸುತ್ತಲು ಶುರುಮಾಡಿದ. ಒಂದು ಸುತ್ತೂ ತಪ್ಪಲಿಲ್ಲ. ಕಡೆಯಲ್ಲಿ ತುದಿಯನ್ನು ಹಾಗೇ ಹೆಗಲ ಮೇಲೆ ಇಳಿಬಿಟ್ಟು ಸರಿದು ನಿಂತ.

"ಇದೇನಪ್ಪ, ತುದಿ ಹಾಗೇ ಬಿಟ್ಟೆ?" ಎಂದರು ಅತ್ತೆ.

"ಅಮ್ಮಾವ್ರೆ, ಹೋದೋರ್ಗೆ ತುದಿ ಸಿಕ್ಕಿಸಬಾರ್ದು ಅಂತ ನಮ್ಮ ಕೆಂಪಯ್ಯಮಾವ ಯೋಳವ್ರೆ. ಸಿಕ್ಕಿಸ್ಬುಟ್ರೆ ಆಮ್ಯಾಕೆ ಬಿಚ್ಚೋರ್ಯಾರು?"

"ನಿಮ್ಮ ಮಾವ ನಿಮ್ಮೋರಿಗೆ ಹೇಳಿರಬೇಕು. ಇವರು ಯಾವತ್ತಾದ್ರೂ ತುದಿ ನೇತಾಡಿಸ್ಕೊಂಡು ಬೀದಿಗೆ ಇಳಿದಿದಾರಾ? ದರ್ಬಾರಿಗೆ ಹೋಗೋವಾಗ ಹೆಂಗೆ ಕಟ್ತಿದ್ಯೋ ಹಂಗೇ ಕಟ್ಟು."

ಅತ್ತೆಯ ಮಾತಿಗೆ ಎದುರು ಹೇಳಿದವರನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ. ಮಹದೇವು ಒಮ್ಮೆ ನನ್ನ ಮುಖ ನೋಡಿದ. ನಾನೇನು ಮಾಡಲಿ? ಅವನು ತುದಿಯನ್ನು ಹಿಡಿದು, ಮಡಿಕೆಯೊಳಗೆ ನಡುಬೆರಳಿನಿಂದ ತಳ್ಳಿದ. ಅದೇ ಹೊತ್ತಿಗೆ ನಮ್ಮನೆಯವರು ಕಣ್ಣೊರೆಸಿಕೊಳ್ಳಲು ಒಂದು ಕೈ ತೆಗೆದರು. ನಾನು ಎದುರಿಗೇ ಇದ್ದೆ, ಕಣ್ಣಾರೆ ನೋಡಿದೆ. ತಲೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಹಿಂದಕ್ಕೆ ಒರಗಿತು. ಪ್ರತಿವರ್ಷ ಒರಗುತ್ತಿದ್ದ ಹಾಗೆಯೇ ಒರಗಿತು. ಬೆರಳು ಮಡಿಕೆಯೊಳಗಿತ್ತು, ಹಿಂದೆ ಗೋಡೆ.

ಮಹದೇವು ಕೂಗಲಿಲ್ಲ. ಬೆರಳನ್ನು ಎಳೆದುಕೊಳ್ಳಲೂ ಇಲ್ಲ. ಏನೋ ಕೇಳಿಸಿಕೊಳ್ಳುವವನ ಹಾಗೆ ನಿಂತಿದ್ದ. ನಮ್ಮನೆಯವರು ಗಾಬರಿಯಾಗಿ ತಲೆಯನ್ನು ಎತ್ತಿ ಹಿಡಿದ ಮೇಲೆ ಕೈಯನ್ನು ಹೊರಗೆ ತೆಗೆದು ಪಂಚೆಯಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಹೊರಟುಹೋದ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಅವನನ್ನು ಊಟಕ್ಕೆ ಕರೆದಿದ್ದೆವು. ಬಡಿಸುತ್ತಿದ್ದವಳು ನಾನೇ. ಅವನು ಅನ್ನ ಕಲಸುವಾಗ ಬೆರಳೆಲ್ಲ ಆಡುತ್ತಿದ್ದವು, ನಡುಬೆರಳಿನ ತುದಿಗೆಣ್ಣು ಮಾತ್ರ ಕೆಳಕ್ಕೆ ಬಾಗಿ ಸುಮ್ಮನೆ ಅನ್ನದೊಳಗೆ ಎಳೆದಾಡುತ್ತಿತ್ತು. ಉಗುರಿನ ಕಡೆ ಸ್ವಲ್ಪ ಊದಿತ್ತು. ಊಟವಾದ ಮೇಲೆ ಅತ್ತೆ ಅವನನ್ನು ನಡುಮನೆಗೆ ಕರೆದು ಕೇಳಿದರು.

"ಏನಾಯ್ತೋ ಅದು?"

"ಅವತ್ತೇ ಆಯ್ತು ಅಮ್ಮಾವ್ರೆ. ನೋವು ಓಯ್ತು, ಬೆರಳು ಮ್ಯಾಕೇಳ್ತಿಲ್ಲ. ಎಡಗೈಲಿ ಎತ್ತುದ್ರೆ ಏಳ್ತದೆ. ಬುಟ್ರೆ ಬೀಳ್ತದೆ." ಅವನು ಎತ್ತಿ ಬಿಟ್ಟು ತೋರಿಸಿದ. "ಬುದ್ದಿಯೋರು ಯಾವಾಗ್ಲೂ ಮಾಡ್ತಿದ್ದಂಗೆ ತಲೆ ಒರಗಿಸ್ದ್ರು. ಬುಡು ಅನ್ನನಿಲ್ಲ. ಅನ್ನದೇ ನಾನು ಬೆರಳ ತಗುದ್ಬುಟ್ಟೆ. ಅದ್ಕೇ ಇನ್ನೂ ಇಡ್ಕೊಂಡವ್ರೆ."

ನಾನು ನಗುವವಳಿದ್ದೆ. ಅತ್ತೆಯ ಮುಖ ನೋಡಿ ನಗಲಿಲ್ಲ. ಅವರು ಹೆದರಿರಲಿಲ್ಲ. ಬಹಳ ದಿನದ ಮೇಲೆ ಯಾರೋ ಗಂಡನ ಸುದ್ದಿ ತಂದ ಹಾಗಿತ್ತು ಅವರ ಮುಖ.

ಅತ್ತೆಯ ರಕ್ತದೊತ್ತಡ ನೋಡಲು ಡಾಕ್ಟರ್ ಸುಂದರೇಶ ಎನ್ನುವವರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವರಿಗೆ ಆ ಬೆರಳು ತೋರಿಸಿದೆವು. ಅವರು ಊಟದ ಮೇಜಿನ ಮೇಲೆ ಮಹದೇವುವಿನ ಕೈಯಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೂಳೆ ಏನೂ ಆಗಿಲ್ಲ. ಬೆರಳಿನ ಬೆನ್ನಮೇಲೆ ಒಂದು ಸಣ್ಣ ಹುರಿ ಇದೆ, ತುದೀನ ಎತ್ತಿ ಹಿಡಿಯೋದು ಅದೇ. ಆ ಹುರಿ ಕಿತ್ತುಹೋಗಿದೆ. ಕೊಯ್ಯೋದು ಹೊಲಿಯೋದು ಏನೂ ಬೇಡ. ತುದೀನ ನೆಟ್ಟಗೆ ನಿಲ್ಲಿಸಿಟ್ರೆ ಹುರಿ ತಾನಾಗೇ ಕೂಡಿಕೊಳ್ಳತ್ತೆ. ಆದ್ರೆ ಆರು ವಾರ ಅದು ಒಂದು ಸಲವೂ ಕೆಳಗೆ ಬೀಳಬಾರ್ದು. ಬಿತ್ತು ಅಂದ್ರೆ ಅಷ್ಟೂ ದಿನದ್ದು ನೀರುಪಾಲು, ಮತ್ತೆ ಮೊದಲಿಂದ."

"ದಸರಾಕ್ಕೆ ಸರ್ಯೋದದಾ ಸ್ವಾಮಿ?" ಮಹದೇವುವಿಗೆ ಬೇಕಾಗಿದ್ದುದು ಅದೊಂದೇ. ತುದಿ ಸಿಕ್ಕಿಸಲಾರದ ಬೆರಳಿಟ್ಟುಕೊಂಡು ಅವನು ಯಾರ ತಲೆಗೂ ಪೇಟ ಕಟ್ಟುವ ಹಾಗಿರಲಿಲ್ಲ. ಪೇಟ ಕಟ್ಟದ ಮಹದೇವು ಸಂತೇಪೇಟೆಯ ಅಂಗಡಿಯಲ್ಲಿ ಬಟ್ಟೆ ಹರಿಯುವ ಆಳು, ಅಷ್ಟೆ.

"ಹೇಳಿದ ಹಾಗೆ ಕೇಳಿದ್ರೆ ಸರಿಹೋಗತ್ತೆ."

ಡಾಕ್ಟರು ನನ್ನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತರಿಸಿಕೊಂಡು, ತಗಡನ್ನು ಬೆರಳಗಲಕ್ಕೆ ಕತ್ತರಿಸಿ, ಅಂಚು ಮಡಿಸಿ, ಅರಳೆ ಸುತ್ತಿ, ಬೆರಳಿನ ಕೆಳಗಿಟ್ಟು ಅಂಟುಪಟ್ಟಿ ಹಾಕಿದರು. ತುದಿ ಒಂದು ಕೂದಲೆಳೆಯಷ್ಟು ಮೇಲಕ್ಕೇ ನೋಡುತ್ತಿತ್ತು. ನಡುಗೆಣ್ಣು ಮಡಿಸಬಹುದು, ತುದಿಗೆಣ್ಣು ಮಾತ್ರ ಅಲ್ಲಾಡುವಂತಿಲ್ಲ. ಬೆವರು ಒರೆಸಲು ಕಟ್ಟು ಬಿಚ್ಚುವಾಗಲೂ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಇನ್ನೊಬ್ಬರು ತುದಿಯನ್ನು ಕೆಳಗಿನಿಂದ ಎತ್ತಿ ಹಿಡಿದಿರಬೇಕು ಎಂದರು. ಮಹದೇವು ಅದನ್ನು ದಬ್ಬೆ ಎಂದು ಕರೆದ. ಅವನ ಊರಿನಲ್ಲಿ ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟುತ್ತಾರಂತೆ. ನಮಗೂ ಅದು ದಬ್ಬೆಯೇ ಆಯಿತು.

ಶ್ರಾವಣದ ನಡುವಿನಲ್ಲಿ ಅವನ ಹೆಂಡತಿ ಕೆಂಚಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಗಟ್ಟಿ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ.

"ದಬ್ಬೆ ಬಿಚ್ತದೆ ಕಣ್ರವ್ವಾ ನನ್ ಗಂಡ ಅನ್ನಾದು. ದಿನಾ ಮೂರ್ಸಂಜೆ ಆಯ್ತೂಂದ್ರೆ ವಳಗೋಗಿ ಬಿಚ್ಚಿ ನೋಡ್ತದೆ, ಬುದ್ದಿಯೋರು ಬುಟ್ರಾ ಅಂತ. ಬಿಚ್ಚುದ್ರೆ ಬೆರಳು ಬೀಳ್ತದೆ. ನೋಡು, ಇನ್ನೂ ಎಳೀತಾವ್ರೆ ಅಂತದೆ. ಬಿಚ್ಚದೇ ಇದ್ರೆ ತಾನೇ ನಿಂತ್ಕಳಾದು? ನಾನ್ ಯೋಳುದ್ರೆ ಕೇಳಾಕಿಲ್ಲ."

ನಾನು ಹೇಳಿದ್ದು ಕೇಳಿ ಡಾಕ್ಟರು ಕೆಂಡವಾದರು. "ಮೊದಲಿಂದ" ಎಂದು ಒಂದೇ ಮಾತು ಹೇಳಿ ಹೊಸ ತಗಡು ಕತ್ತರಿಸಿದರು. ದಸರೆಗೆ ಆರು ವಾರಕ್ಕಿಂತ ಹೆಚ್ಚೇನೂ ಉಳಿದಿರಲಿಲ್ಲ. ಮಹದೇವು ತಲೆ ತಗ್ಗಿಸಿ ಕೂತಿದ್ದ. ಆಗ ಅತ್ತೆ ಅವನ ಎದುರು ಬಂದು ನಿಂತರು.

"ಇನ್ನು ಮನೇಲಿ ನೀನು ಅದನ್ನ ಮುಟ್ಟಕೂಡದು. ದಿನ ಬಿಟ್ಟು ದಿನ ಅಂಗಡಿ ಮುಗಿಸ್ಕೊಂಡು ಇಲ್ಲಿಗೆ ಬಾ. ಕಟ್ಟು ನಾನು ಬದಲಾಯಿಸ್ತೀನಿ. ಬೆರಳು ನಾನು ಹಿಡ್ಕೋತೀನಿ."

ನಮ್ಮನೆಯವರು ಗಂಟಲು ಸರಿಮಾಡಿಕೊಂಡರು. ಗಂಡ ಹೋಗಿ ಇನ್ನೂ ತಿಂಗಳು ಕಳೆದಿಲ್ಲ, ಅರವತ್ತು ದಾಟಿದ ಹೆಂಗಸು, ಪರಗಂಡಸಿನ ಕೈ ಹಿಡಿದು ಕೂರುವುದೆಂದರೆ ಬೀದಿಯವರು ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ. ಮಾರನೆಯ ದಿನದಿಂದ ನಡುಮನೆಯ ಮೇಜು ಕಿಟಕಿಯ ಹತ್ತಿರಕ್ಕೆ ಬಂತು. ಮಾವನವರನ್ನು ಒರಗಿಸಿ ಕೂರಿಸಿದ್ದ ಅದೇ ಕಿಟಕಿ.

ಆ ಸಂಜೆಗಳು ನನಗೆ ಇಷ್ಟವಾಗುತ್ತಿರಲಿಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ. ಬಿಸಿನೀರು, ಅರಳೆ ತಂದಿಡುವುದು ನನ್ನ ಕೆಲಸ. ಮಹದೇವು ಕೈ ಚಾಚಿ ಮೇಜಿನ ಮೇಲಿಡುತ್ತಿದ್ದ. ಅತ್ತೆ ಅಂಟುಪಟ್ಟಿ ಬಿಡಿಸಿ, ದಬ್ಬೆ ಜಾರಿಸುವ ಮೊದಲೇ ತಮ್ಮ ತೋರುಬೆರಳನ್ನು ಅವನ ಬೆರಳ ತುದಿಯ ಕೆಳಗೆ ಇಟ್ಟು ಎತ್ತಿ ಹಿಡಿಯುತ್ತಿದ್ದರು. ನಾನು ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಮುಗಿದರೂ ಅವರು ಬೇಗ ಬಿಡುತ್ತಿರಲಿಲ್ಲ.

"ಇವತ್ತು ಎಳೆದ್ರಾ?" ಎಂದು ಕೇಳುತ್ತಿದ್ದರು.

"ಎಳುದ್ರು ಅಮ್ಮಾವ್ರೆ."

"ಯಾವ ಹೊತ್ತಲ್ಲಿ?"

"ಕಾಫಿ ಹೊತ್ತಲ್ಲಿ ಒಸಿ ಜೋರಾಗಿತ್ತು."

ಅತ್ತೆ ತಲೆದೂಗುತ್ತಿದ್ದರು. ಮಾವನವರಿಗೆ ಮೂರು ಗಂಟೆಗೆ ಸರಿಯಾಗಿ ಕಾಫಿ ಬೇಕಾಗಿತ್ತು, ತಡವಾದರೆ ಕೋಪ ಬರುತ್ತಿತ್ತು. ಮಾರನೆಯ ದಿನದಿಂದ ಮೂರು ಗಂಟೆಗೆ ಅವರ ಕುರ್ಚಿಯ ಮುಂದೆ ಒಂದು ಲೋಟ ಕಾಫಿ ಇಡಬೇಕೆಂದು ನನಗೆ ಅಪ್ಪಣೆಯಾಯಿತು. ಇಟ್ಟೆ. ಆರಿದ ಮೇಲೆ ತೆಗೆದು ಚೆಲ್ಲುತ್ತಿದ್ದೆ. ಒಂದು ದಿನ ಲೋಟ ತೆಗೆಯಲು ಬಗ್ಗಿದಾಗ ನನ್ನ ಬೆನ್ನ ಹಿಂದೆ "ಹ್ಞೂಂ" ಎಂದ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ. ನಮ್ಮನೆಯವರಿಗೆ ಹೇಳಿದೆ. ಗಾಳಿಗೆ ಕಿಟಕಿ ಅಲ್ಲಾಡಿರಬೇಕು ಎಂದು ನಕ್ಕರು. ಆದರೆ ಅವತ್ತಿನಿಂದ ತಾವು ಓದುವ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಜಗುಲಿಯಲ್ಲಿ ಹಾಕಿಕೊಂಡರು. ಧೈರ್ಯವಂತರು.

ವಾರಗಳು ಕಳೆದ ಹಾಗೆ ಮಹದೇವುವಿನ ಉತ್ತರ ಬದಲಾಯಿತು. ಎಳೆತ ಮೆತ್ತಗಾಗಿದೆ ಎನ್ನುತ್ತಿದ್ದ. ಎರಡು ದಿನದಿಂದ ಎಳೆದೇ ಇಲ್ಲ ಎಂದು ಒಮ್ಮೆ ಖುಷಿಯಿಂದಲೇ ಹೇಳಿದ. ಅತ್ತೆ ಅವತ್ತು ಅವನ ಬೆರಳನ್ನು ಹಿಡಿದುಕೊಂಡು ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ರಾತ್ರಿ ಊಟ ಮಾಡಲಿಲ್ಲ. ಮೂರು ಗಂಟೆಯ ಲೋಟಕ್ಕೆ ಸಕ್ಕರೆ ಕಡಿಮೆ ಹಾಕಿದ್ದೀಯ ಎಂದು ನನ್ನನ್ನು ಬೈದರು.

ಕೆಂಚಮ್ಮ ಮತ್ತೆ ಹಿತ್ತಿಲಿಗೆ ಬಂದಳು. ಈ ಸಲ ಅವಳ ದನಿ ತಗ್ಗಿತ್ತು.

"ನಿಮ್ಮತ್ತೇರು ಬುಡ್ತಿಲ್ಲ ಕಣ್ರವ್ವಾ. ಬುದ್ದಿಯೋರು ಬುಟ್ರೂ ಇವ್ರು ಬುಡಾಕಿಲ್ಲ. ಬುದ್ದಿಯೋರ ಬದ್ಲಾಗಿ ಅವ್ರೇ ಒಂದ್ ಮಾತು ಬುಡು ಅಂದ್ಬುಡ್ಲಿ. ನಮ್ಮೆಜಮಾನ್ರು ನೆಟ್ಟಗಾಯ್ತರೆ. ನೀವಾರ ಯೋಳಿ."

ನಾನು ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ತುದಿ ಸಿಕ್ಕಿಸು ಅಂದೋಳು ನಾನು. ಗೊತ್ತಿದ್ದೇ ಅಂದೆ ಶಾರದ. ಬಿಚ್ಚೋರಿಲ್ಲ ಅಂತ ಅವನು ಹೇಳ್ದಾಗ, ಸದ್ಯ, ಬಿಚ್ಚದೇ ಇರ್ಲಿ ಅಂತಲೇ ಅಂದೆ. ಈಗ ನನ್ನ ಬಾಯಲ್ಲೇ ಬುಡು ಅನ್ನಿಸ್ತೀಯಾ?" ಮೊರವನ್ನು ಪಕ್ಕಕ್ಕಿಟ್ಟರು. "ನನಗೆ ಆ ಮಾತು ಬರಲ್ಲ. ಇನ್ನೊಂದು ಸಲ ಕೇಳಬೇಡ."

ಅಲ್ಲಿಯವರೆಗೆ ನಾನು ಅವರನ್ನು ಹಠಮಾರಿ ಮುದುಕಿ ಎಂದುಕೊಂಡಿದ್ದೆ. ಅವತ್ತು ಅವರ ಮೇಲೆ ಮರುಕ ಹುಟ್ಟಿತು, ಭಯವೂ ಆಯಿತು.

ನವರಾತ್ರಿಗೆ ಕೆಲವೇ ದಿನ ಇರುವಾಗ ಡಾಕ್ಟರು ತಮ್ಮ ಔಷಧಾಲಯದಲ್ಲಿ ದಬ್ಬೆ ತೆಗೆದರು. ಬೆರಳು ನೆಟ್ಟಗೆ ನಿಂತಿತು. ಪೇಟ ಕಟ್ಟುವಾಗ ಮಾತ್ರ ಇನ್ನೂ ಸ್ವಲ್ಪ ಕಾಲ ದಬ್ಬೆ ಹಾಕಿಕೊಂಡೇ ಕಟ್ಟಬೇಕೆಂದು ಹೇಳಿ ಕಳಿಸಿದರಂತೆ. ಮಹದೇವು ಅಲ್ಲಿಂದ ನಮ್ಮ ಮನೆಯವರೆಗೆ ಓಡಿಕೊಂಡೇ ಬಂದಿದ್ದ. ಏದುಸಿರು ಬಿಡುತ್ತ ಅತ್ತೆಯ ಮುಂದೆ ಕೈ ಚಾಚಿ ನಿಂತ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ನೋಡಿ ಅಮ್ಮಾವ್ರೆ. ಬುಟ್ಬುಟ್ರು."

ಅತ್ತೆ ನೋಡಿದರು. ಕೆಳಗಿನಿಂದ ತಮ್ಮ ಬೆರಳು ಕೊಡಲು ಹೋದರು. ಅದರ ಅಗತ್ಯವಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡರು.

"ಹಾಗಾದ್ರೆ ಹೋದ್ರು," ಎಂದರು.

ಅಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಡ ತೀರಿಕೊಂಡ ದಿನವೂ ಅಷ್ಟು ಅತ್ತಿರಲಿಲ್ಲ. ಆ ಅಳು ಕೇಳುತ್ತ ಮಹದೇವು ನಡುಮನೆಯಲ್ಲಿ ಕೈ ಚಾಚಿಕೊಂಡೇ ನಿಂತಿದ್ದ. ಅತ್ತೆ ಅವತ್ತು ಊಟ ಬಿಟ್ಟರು. ಮಾರನೆಯ ದಿನವೂ ಬಿಟ್ಟರು. ಮೂರು ಗಂಟೆಗೆ ಕಾಫಿ ತಂದರೆ, "ಯಾರಿಗಮ್ಮ ಅದು, ತೆಗೆದುಕೊಂಡು ಹೋಗು" ಎಂದರು. ಡಾಕ್ಟರು ಬಂದು ನಾಡಿ ಹಿಡಿದು ನೋಡಿ, ಹೀಗೇ ಇದ್ದರೆ ಕಷ್ಟ ಎಂದು ನಮ್ಮನೆಯವರನ್ನು ಆಚೆಗೆ ಕರೆದು ಹೇಳಿದರು.

ಈ ಸುದ್ದಿ ಸುಣ್ಣದಕೇರಿಗೆ ಹೇಗೆ ಮುಟ್ಟಿತೋ ತಿಳಿಯದು. ಮಹದೇವು ಸಂಜೆ ಬಂದ. ಅತ್ತೆಯ ಮಂಚದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬಲಗೈ ಮುಂದಿಟ್ಟ. ನಡುಬೆರಳಿನ ತುದಿ ಸ್ವಲ್ಪ ಬಾಗಿತ್ತು, ಗಮನವಿಟ್ಟು ನೋಡಿದರೆ ಕಾಣುವಷ್ಟು.

"ಇನ್ನೂ ಒಸಿ ಎಳೀತದೆ ಅಮ್ಮಾವ್ರೆ," ಎಂದ.

ಅತ್ತೆ ಎದ್ದು ಕೂತರು. ಬೆರಳು ಹಿಡಿದು ನೋಡಿದರು. ಆಮೇಲೆ ನನ್ನನ್ನು ಕೂಗಿ, "ಒಂದು ತುತ್ತು ಮೊಸರನ್ನ ಕಲಸಿಕೊಂಡು ಬಾ" ಎಂದರು. ಮಾರನೆಯ ದಿನದಿಂದ ಮೂರು ಗಂಟೆಯ ಕಾಫಿಯೂ ಮತ್ತೆ ಶುರುವಾಯಿತು.

ಆ ವರ್ಷ ಮಹದೇವು ದಬ್ಬೆ ಹಾಕಿಕೊಂಡೇ ದರ್ಬಾರಿಗೆ ಹೋಗುವವರ ಪೇಟ ಕಟ್ಟಿದ. ಮುಂದಿನ ವರ್ಷ ದಬ್ಬೆ ಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಪೇಟ ಕಟ್ಟಿಸಿಕೊಳ್ಳುವ ತಲೆ ಇರಲಿಲ್ಲ, ಆದರೂ ಹಬ್ಬಹರಿದಿನಕ್ಕೆ, ಒಮ್ಮೊಮ್ಮೆ ಯಾವ ನೆವವೂ ಇಲ್ಲದೆ ಬರುತ್ತಿದ್ದ. ಅತ್ತೆ ಅವನನ್ನು ಕಿಟಕಿಯ ಹತ್ತಿರ ಕೂರಿಸಿ ಬೆರಳು ನೋಡುತ್ತಿದ್ದರು. ಅದು ಯಾವಾಗಲೂ ಅಷ್ಟೇ ಬಾಗಿರುತ್ತಿತ್ತು. ನಾನೂ ನಂಬಿದ್ದೆ.

ಒಂದು ಸಲ ಸೀರೆ ಕೊಳ್ಳಲು ಸಂತೇಪೇಟೆಗೆ ಹೋದಾಗ, ಅವನ ಅಂಗಡಿಯ ಮುಂದೆ ಮದುವೆಯ ಗಂಡೊಬ್ಬನನ್ನು ಕೂರಿಸಿಕೊಂಡು ಮಹದೇವು ಪೇಟ ಕಟ್ಟುತ್ತಿದ್ದ. ತುದಿ ಸಿಕ್ಕಿಸಿ ಬೆರಳು ಹೊರಗೆ ತೆಗೆದ. ಬೆರಳು ಅಳತೆಕೋಲಿನಷ್ಟು ನೆಟ್ಟಗಿತ್ತು. ನನ್ನನ್ನು ಕಂಡ ತಕ್ಷಣ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ನಾನು ಸೀರೆಯ ಬಣ್ಣದ ಬಗ್ಗೆ ಏನೋ ಮಾತಾಡಿ ಹೊರಟುಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅತ್ತೆಯ ಊಟ ಯಾವುದರ ಮೇಲೆ ನಿಂತಿದೆ ಎಂದು ನನಗೆ ಗೊತ್ತಿತ್ತು. ಮುಂದಿನ ವರ್ಷಗಳಲ್ಲಿ ಅವನು ನಮ್ಮ ಮೆಟ್ಟಿಲು ಹತ್ತುವಾಗಲೆಲ್ಲ ಆ ಬೆರಳು ಕೆಳಗಿಳಿಯುವುದನ್ನು ನೋಡುತ್ತ, ಎಂಥ ನಟನಯ್ಯ ನೀನು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅವನ ಮೇಲೆ ಪ್ರೀತಿಯೂ ಇತ್ತು.

ಅರವತ್ತಮೂರರಲ್ಲಿ ಅತ್ತೆ ಹಾಸಿಗೆ ಹಿಡಿದರು. ಒಂದು ಸೋಮವಾರ ಮಧ್ಯಾಹ್ನ, ಮಾವನವರ ಕಾಫಿ ಇಟ್ಟು ಬಂದ ಹೊತ್ತು, ನನ್ನನ್ನು ಹತ್ತಿರ ಕರೆದರು. ದನಿ ಕ್ಷೀಣವಾಗಿತ್ತು, ಬುದ್ಧಿ ಸ್ವಚ್ಛವಾಗಿತ್ತು.

"ಮಹದೇವು ಬಂದ್ರೆ ಹೇಳು ಶಾರದ. ನಾನು ಬುಡು ಅಂದೆ ಅಂತ ಹೇಳು. ಪಾಪ, ಎಷ್ಟು ವರ್ಷ."

ಆ ಮಾತು ಅವರ ಬಾಯಿಂದ ಬಂದದ್ದು ಅದೊಂದೇ ಸಲ. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು.

ಅದೇ ಕಿಟಕಿಯ ಹತ್ತಿರ ಅವರನ್ನು ಕೂರಿಸಿದೆವು. ಸುದ್ದಿ ಕೇಳಿ ಮಹದೇವು ಬಂದ. ಕೂದಲೆಲ್ಲ ನರೆತಿತ್ತು. ತಲೆಯ ಮೇಲಿನ ಸೆರಗು ಜಾರುತ್ತಿತ್ತು, ಯಾರು ಹೊದಿಸಿದರೂ ನಿಲ್ಲುತ್ತಿರಲಿಲ್ಲ. ಅವನು ಮುಂದೆ ಬಂದು ಒಂದೇ ಸಲಕ್ಕೆ ಸರಿಯಾಗಿ ಹೊದಿಸಿದ. ಸೆರಗಿನ ತುದಿಯನ್ನು ಎಲ್ಲಿಯೂ ಸಿಕ್ಕಿಸದೆ ಮಡಿಲಿಗೆ ಇಳಿಬಿಟ್ಟ. ಆಗ ನಾನು ಅವನ ಬೆರಳು ನೋಡಿದೆ. ತುದಿ ಬಾಗಿತ್ತು. ಸ್ವಲ್ಪ ಅಲ್ಲ, ಐವತ್ತೆರಡರಲ್ಲಿ ಬಾಗಿದ್ದಷ್ಟೇ ಬಾಗಿತ್ತು. ನನಗೆ ಸಿಟ್ಟು ಬಂತು. ಇವತ್ತೂ ಆಟವೇ ಎನಿಸಿತು.

ಮಣ್ಣು ಮಾಡಿ ಬಂದ ಮೇಲೆ ಅವನು ಜಗುಲಿಯಲ್ಲಿ ಒಬ್ಬನೇ ಕೂತಿದ್ದ. ನಾನು ಹೋಗಿ ಎದುರಿಗೆ ನಿಂತೆ.

"ಸಾಕು ಮಹದೇವು, ಬೆರಳು ನೆಟ್ಟಗೆ ಮಾಡಿಕೋ. ನೋಡೋರು ಹೋದ್ರು. ನೀನು ಅಷ್ಟು ವರ್ಷ ಅವರಿಗೋಸ್ಕರ ಬಗ್ಗಿಸಿ ತೋರಿಸ್ತಿದ್ದದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅಂಗಡೀಲಿ ನೋಡಿದೀನಿ ನಾನು."

ಅವನು ಬೆರಳನ್ನೇ ನೋಡುತ್ತ ಕೂತ.

"ಮೊದಲ್ನೇ ಸಲ ನಾನೇ ಬಗ್ಗಿಸ್ದೆ ಕಣ್ರವ್ವಾ, ಸುಳ್ಳೇಳಾಕಿಲ್ಲ. ಅವ್ರು ಉಣ್ಲಿ ಅಂತ. ಅದಾದ್ಮ್ಯಾಕೆ ನಾನ್ ಬಗ್ಗಿಸ್ತಿರ್ನಿಲ್ಲ. ನಿಮ್ಮ ಮೆಟ್ಲು ಹತ್ತುದ್ರೆ ತಾನೇ ಇಳೀತಿತ್ತು. ಅಮ್ಮಾವ್ರು ಕೆಳುಗಿಂದ ಇಡ್ಕೊಂಡ್ರೆ ಏಳ್ತಿತ್ತು."

"ಮತ್ತೆ ಈಗ?"

"ನೆನ್ನೆ, ಸೋಮವಾರ ಮಧ್ಯಾಹ್ನ ಬಟ್ಟೆ ಹರೀತಾ ಕೂತಿದ್ದೆ. ಏನೂ ತಗುಲ್ನಿಲ್ಲ, ಏನೂ ನೋಯ್ನಿಲ್ಲ. ಸುಮ್ಕೆ ಇಳುದ್ಬುಡ್ತು. ಅಮ್ಮಾವ್ರು ಹೋದ ಸುದ್ದಿ ನಂಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ."

ಸೋಮವಾರ ಮಧ್ಯಾಹ್ನ ಅತ್ತೆ ಏನು ಹೇಳಿದರು ಎನ್ನುವುದನ್ನು ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಅವನಿಗೆ ಹೇಳಿದೆ. ಮಹದೇವು ಕೇಳಿಸಿಕೊಂಡು, ಬಾಗಿದ ಬೆರಳನ್ನು ಎಡಗೈಯಲ್ಲಿ ಎತ್ತಿ ಬಿಟ್ಟು ನೋಡಿದ.

"ಬುದ್ದಿಯೋರು ಯಾವತ್ತೂ ಬುಟ್ಟಿರ್ನಿಲ್ಲ ಕಣ್ರವ್ವಾ," ಎಂದ ಕಡೆಗೆ. "ಇವ್ರು ಎತ್ತಿ ಇಡ್ಕೊಂಡಿದ್ರು, ಅಷ್ಟೇಯ. ನೆನ್ನೆ ಎತ್ತಿ ಇಡ್ದಿದ್ದೋರು ಬುಟ್ರು."

ಡಾಕ್ಟರ ಹತ್ತಿರ ಹೋಗು, ಇನ್ನೊಂದು ದಬ್ಬೆ ಹಾಕಿಸಿಕೋ ಎಂದೆ. ಬೇಡ ಎಂದು ತಲೆಯಾಡಿಸಿದ. ದಬ್ಬೆ ಹಾಕಿಸಿಕೊಂಡರೂ ಕಟ್ಟು ಬದಲಾಯಿಸುವಾಗ ಹಿಡಿಯುವವರು ಯಾರು ಎಂದು ಕೇಳಿದ. ಆಮೇಲೆ ಅವನು ಯಾರಿಗೂ ಪೇಟ ಕಟ್ಟಲಿಲ್ಲ.

ಅವನು ಹಾಗೆ ಕೇಳುವಾಗ ಒಳಗೆ ಗಡಿಯಾರ ಮೂರು ಹೊಡೆಯಿತು. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಕಾಫಿ ಇಡಬೇಕೆಂದು ಹೇಳುವವರೂ ಇರಲಿಲ್ಲ. ನಾನು ಅವನ ಪಕ್ಕದಲ್ಲಿ ಕೂತು, ಅವನ ಕೈಯನ್ನು ಜಗುಲಿಕಟ್ಟೆಯ ಮೇಲೆ ಚಪ್ಪಟೆಯಾಗಿಡಿಸಿ, ಅತ್ತೆ ಇಡುತ್ತಿದ್ದ ಹಾಗೆ ನನ್ನ ಬೆರಳನ್ನು ಅವನ ಬೆರಳ ತುದಿಯ ಕೆಳಗೆ ಕೊಟ್ಟು ಎತ್ತಿದೆ. ಎದ್ದಿತು. ನನ್ನ ಬೆರಳಿನ ಮೇಲೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಭಾರ ಒರಗಿತು. ಒಬ್ಬ ಮುದುಕನ ಒಂದು ಬೆರಳಿನ ತುದಿ ಅಷ್ಟು ಭಾರ ಇರುವುದಿಲ್ಲ.